ಫೇರಿಂಗ್‌ನ ಜಿರ್ರ್ ಸದ್ದು: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ದೀಪಾವಳಿಗೆ ತೀರ್ಥಹಳ್ಳಿಯ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಅವರ ಮಗ ನನ್ನ ಬೈಕನ್ನು ಪೇಟೆಗೆ ಒಂದು ಸುತ್ತು ಒಯ್ದು ಬಂದ. ಸ್ಟ್ಯಾಂಡ್ ಹಾಕುತ್ತಲೇ ಕೇಳಿದ: "ಎಂಥದಣ್ಣ ಇದು ಸದ್ದು? ಒಳಗೆ ಜೀರುಂಡೆ ಸೇರ್ಕೊಂಡಿದ್ಯಾ?"

ನನಗೂ ಕೇಳಿಸಿತ್ತು. ಶಿವಮೊಗ್ಗ ಬಿಟ್ಟು ಗಾಜನೂರು ದಾಟಿದಾಗಿನಿಂದ ಎಡ ಮೊಣಕಾಲಿನ ಹತ್ತಿರ ಫೇರಿಂಗ್, ಅಂದರೆ ಬೈಕಿನ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಜಿರ್ರ್ ಅನ್ನುತ್ತಲೇ ಇತ್ತು. ಹದಿನೈದು ದಿನದ ಹಿಂದೆ ಸರ್ವಿಸ್ ಮಾಡಿಸಿದ್ದೆ, ಅದಕ್ಕೂ ಮೊದಲು ಈ ಸದ್ದು ಇರಲಿಲ್ಲ. ಊರಿಗೆ ವಾಪಸ್ ಬಂದವನು ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದೆ. ಅಲೆನ್ ಕೀ ಹಿಡಿದು ಕಂಡ ಕಂಡ ಬೋಲ್ಟನ್ನೆಲ್ಲ ಬಿಗಿದೆ. ಎರಡು ದಿನ ಬೈಕು ಸುಮ್ಮನಿತ್ತು. ಮೂರನೇ ದಿನ ಸದ್ದು ಮರಳಿ ಬಂತು, ಜೊತೆಗೆ ಬೋಲ್ಟಿನ ತೂತಿನಿಂದ ಹೊರಟ ಕೂದಲೆಳೆಯಂಥ ಒಂದು ಸೀಳು ಕೂಡ.

ಇದನ್ನು ಬರೆಯುತ್ತಿರುವುದು ಆ ಸೀಳಿನಿಂದಾಗಿ. ಫೇರಿಂಗ್ ಸದ್ದು ಮಾಡಿದರೆ "ಲೂಸ್ ಆಗಿದೆ, ಟೈಟ್ ಮಾಡು" ಅನ್ನುವುದು ಅರ್ಧ ನಿಜ. ಎಷ್ಟೋ ಸಲ ಅದು ಲೂಸ್ ಆಗಿರುವುದಿಲ್ಲ, ತಪ್ಪಾಗಿ ಕೂತಿರುತ್ತದೆ. ತಪ್ಪಾಗಿ ಕೂತದ್ದನ್ನು ಬಿಗಿದರೆ ಒಡೆಯುತ್ತದೆ. ಬೋಲ್ಟಿನ ಜಾಗ, ಬಿಚ್ಚುವ ಕ್ರಮ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಅದನ್ನು ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲೇ ನೋಡಿ. ದೋಷ ಹುಡುಕುವ ದಾರಿ ಮಾತ್ರ ಎಲ್ಲ ಫುಲ್ ಫೇರಿಂಗ್ ಗಾಡಿಗಳಿಗೂ ಒಂದೇ.

ಸದ್ದು ಯಾವಾಗ ಬರುತ್ತದೆ?

ಟೂಲ್ ಮುಟ್ಟುವ ಮೊದಲು ಗಾಡಿ ಓಡಿಸಿ ನೋಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಸದ್ದು ಶುರುವಾಗುವ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಎಷ್ಟೆಂದು ಗಮನಿಸಿ. ಆಮೇಲೆ ನಾಲ್ಕರಲ್ಲಿ, ಐದರಲ್ಲಿ. ಗೇರ್ ಯಾವುದಿದ್ದರೂ ಅದೇ ಆರ್‌ಪಿಎಂಗೆ ಬಂದರೆ ಎಂಜಿನ್‌ನ ನಡುಕ ಫೇರಿಂಗಿನ ಯಾವುದೋ ಪ್ಯಾನಲನ್ನು ಕುಣಿಸುತ್ತಿದೆ. ಗೇರ್ ಬದಲಾದರೂ ಅದೇ ಸ್ಪೀಡಿಗೆ ಬಂದರೆ ಚಕ್ರ, ಚೈನು ಅಥವಾ ಗಾಳಿಯ ಕಡೆ ನೋಡಬೇಕು. ಗಾಳಿಯದಾದರೆ ಹೆಚ್ಚಾಗಿ ಮುಂದಿನ ವೈಸರ್ (ಗಾಳಿ ತಡೆಯುವ ಪಾರದರ್ಶಕ ಹಲಗೆ). ಗುಂಡಿ ಹಾರಿದಾಗ ಮಾತ್ರ ಟಕ್ ಅಂದರೆ ಯಾವುದೋ ಲಾಕ್ ಬಿಟ್ಟಿದೆ, ಇಲ್ಲವೇ ಒಳಗೆ ಏನೋ ಬಿದ್ದು ಹೊರಳುತ್ತಿದೆ.

ನನ್ನದು ಎಲ್ಲ ಗೇರಿನಲ್ಲೂ 4,600ರಿಂದ 5,000ದೊಳಗೆ. ಅದಕ್ಕಿಂತ ಮೇಲೆ ಹೋದರೆ ಮಾಯ. 4,800 ಆರ್‌ಪಿಎಂ ಅಂದರೆ ಕ್ರ್ಯಾಂಕು (ಎಂಜಿನ್ನಿನೊಳಗೆ ತಿರುಗುವ ದಂಡ) ಸೆಕೆಂಡಿಗೆ 80 ಸುತ್ತು ತಿರುಗುತ್ತದೆ. ಸಿಂಗಲ್ ಸಿಲಿಂಡರ್ ಎಂಜಿನ್ ಅಷ್ಟೇ ಸಲ ಫ್ರೇಮನ್ನು ಅಲುಗಿಸುತ್ತದೆ. ಆ ಲಯಕ್ಕೆ ಹೊಂದುವ ಪ್ಯಾನಲ್ ಯಾವುದಿದೆಯೋ ಅದೊಂದೇ ಎದ್ದು ಕುಣಿಯುತ್ತದೆ, ಉಳಿದವು ಸುಮ್ಮನಿರುತ್ತವೆ. ಯಕ್ಷಗಾನದ ದಿನ ಚೆಂಡೆ ಪೆಟ್ಟಿಗೆ ಪಕ್ಕದ ಮನೆಯ ನಾಗಂದಿಗೆಯ ಮೇಲಿನ ಒಂದೇ ಒಂದು ಲೋಟ ನಡುಗುತ್ತದಲ್ಲ, ಹಾಗೆ.

ಇಷ್ಟಾದ ಮೇಲೂ ಫೇರಿಂಗಿಗೆ ಕೈ ಹಾಕಬೇಡಿ, ಮೊದಲು ಕೀ ಗೊಂಚಲು ತೆಗೆಯಿರಿ. ಮನೆ ಕೀ, ಗೇಟ್ ಕೀ, ಧರ್ಮಸ್ಥಳದಿಂದ ತಂದ ಕೀಚೈನು ಎಲ್ಲ ಒಟ್ಟಿಗೆ ನೇತಾಡುತ್ತ ಪ್ಲಾಸ್ಟಿಕ್ಕಿಗೆ ಬಡಿಯುತ್ತಿರುತ್ತವೆ. ನಂಬರ್ ಪ್ಲೇಟು, ಸೈಲೆನ್ಸರ್ ಮೇಲಿನ ಶೀಲ್ಡು, ಚೈನ್ ಕವರು, ಸೀಟಿನಡಿಯ ಟೂಲ್ ಕಿಟ್ಟು ಕೂಡ ಇದೇ ನಾಟಕ ಆಡುತ್ತವೆ. ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ಪರೀಕ್ಷಿಸಲು ಐದು ನಿಮಿಷ ಸಾಕು.

ಕೈಯೇ ಸ್ಟೆತಸ್ಕೋಪು

ಗಾಡಿಯನ್ನು ಬಯಲಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಯಾರಾದರೂ ಸದ್ದು ಬರುವ ಆರ್‌ಪಿಎಂಗೆ ಥ್ರಾಟಲ್ ಹಿಡಿಯಲಿ. ನೀವು ಅಂಗೈಯಿಂದ ಪ್ಯಾನಲನ್ನು ಜಾಗ ಜಾಗದಲ್ಲಿ ಒತ್ತುತ್ತ ಹೋಗಿ. ಸೈಲೆನ್ಸರ್‌ನ ಬೆಂಡ್ ಪೈಪ್ ಹತ್ತಿರ ಕೈ ಬೇಡ. ಒಂದೇ ಸಮನೆ ಹತ್ತು ನಿಮಿಷ ರೇಸ್ ಮಾಡಿಸಬೇಡಿ, ನಿಂತ ಗಾಡಿಗೆ ಗಾಳಿ ಸಿಗುವುದಿಲ್ಲ.

ನಾನು ಎಡವಿದ್ದು ಇಲ್ಲೇ. ಮೊಣಕಾಲಿನ ಹತ್ತಿರ ಒತ್ತಿದಾಗ ಸದ್ದು ಬದಲಾಯಿತು, ಜಿರ್ರ್ ಹೋಗಿ ಗುಂಯ್ ಆಯಿತು. ಜಾಗ ಸಿಕ್ಕಿತು ಅಂದುಕೊಂಡು ಅಲ್ಲಿನ ಬೋಲ್ಟನ್ನು ಇನ್ನಷ್ಟು ಬಿಗಿದಿದ್ದೆ. ಸದ್ದು ಬದಲಾಗುವುದೇ ಬೇರೆ, ನಿಲ್ಲುವುದೇ ಬೇರೆ. ಅಗಲವಾದ ಪ್ಯಾನಲ್ ತಬಲಾದ ಚರ್ಮದಂತೆ, ಎಲ್ಲಿ ಒತ್ತಿದರೂ ನಾದ ಬದಲಾಗುತ್ತದೆ. ಸದ್ದು ಹುಟ್ಟುವ ಜಾಗದಲ್ಲಿ ಒತ್ತಿದಾಗ ಮಾತ್ರ ಪೂರ್ತಿ ನಿಲ್ಲುತ್ತದೆ. ನನ್ನದು ನಿಂತದ್ದು ಮೊಣಕಾಲಿನಿಂದ ಒಂದೂವರೆ ಅಡಿ ಕೆಳಗೆ, ಎಂಜಿನ್ ಪಕ್ಕದ ಕೆಳಬೋಲ್ಟಿನ ಹತ್ತಿರ.

ಎಂಜಿನ್ ಆಫ್ ಇದ್ದಾಗ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಎಡ ಬಲ ಎರಡೂ ಕಡೆ ಒಂದೇ ಜಾಗದಲ್ಲಿ ತಟ್ಟಿ ಹೋಲಿಸಬೇಕು. ಒಂದು ಕಡೆ ಗಟ್ಟಿಯಾಗಿ ಟಪ್ ಅಂದು, ಇನ್ನೊಂದು ಕಡೆ ಕಿರಕ್ ಅಂದರೆ ಸುಳಿವು ಸಿಕ್ಕಿತು. ಎರಡು ಪ್ಯಾನಲ್ ಸೇರುವ ಸಂದಿಯ ಮೇಲೆ ಅನುಮಾನವಿದ್ದರೆ ಹಳೆಯ ಮದುವೆ ಕಾಗದದ ಒಂದು ತುಂಡು ಕತ್ತರಿಸಿ ಸಂದಿಗೆ ತುರುಕಿ, ಒಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತಿದ್ದರೆ ಅಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುತ್ತಿದೆ. ಹಾಗಿದ್ದರೆ ಏನನ್ನೂ ಬಿಚ್ಚುವುದು ಬೇಡ, ಸಂದಿಗೆ ಹಳೆ ಸೈಕಲ್ ಟ್ಯೂಬಿನ ಸಣ್ಣ ಪಟ್ಟಿ ಕೊಟ್ಟರೆ ಸಾಕು. ಅಂಗಡಿಯ ಸ್ಪಂಜ್ ಟೇಪ್ ನಮ್ಮ ಮಳೆಗಾಲಕ್ಕೆ ಆಗಿಬರುವುದಿಲ್ಲ, ನೀರು ಕುಡಿದು ಉಬ್ಬಿ ಪಾಚಿ ಕಟ್ಟುತ್ತದೆ.

ಬಿಚ್ಚುವುದು

ಮಲೆನಾಡಿನಲ್ಲಿ ಈ ಕೆಲಸಕ್ಕೂ ಮುಹೂರ್ತ ಬೇಕು. ಡಿಸೆಂಬರ್ ಬೆಳಿಗ್ಗೆ ಏಳಕ್ಕೆ ಮಂಜಿನಲ್ಲಿ ತಣ್ಣಗಾದ ಫೈಬರನ್ನು ಎಳೆಯಬೇಡಿ. (ಗ್ಯಾರೇಜಿನವರು ಫೈಬರ್ ಅಂದರೂ ಅದು ಪ್ಲಾಸ್ಟಿಕ್ಕೇ.) ತಣ್ಣಗಿದ್ದಾಗ ಅದು ಬಾಗುವ ಬದಲು ಪಟ್ಟನೆ ಮುರಿಯುತ್ತದೆ, ಮುರಿಯುವುದೂ ಒಳಗಿನ ಸಣ್ಣ ಕೊಕ್ಕೆಯೇ. ಹನ್ನೊಂದರ ಹೊತ್ತಿಗೆ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಿಸಿಲು ಸಿಗದು. ಆಗ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕೊಕ್ಕೆಯಿರುವ ಜಾಗಕ್ಕೆ ಹೊದಿಸಿ ಎರಡು ನಿಮಿಷ ಬಿಟ್ಟರೆ ಕೆಲಸವಾಗುತ್ತದೆ.

ಗಾಡಿ ತೊಳೆದೇ ಶುರು ಮಾಡಿ. ಕೆಮ್ಮಣ್ಣು ಬೋಲ್ಟಿನ ತಲೆಯೊಳಗೆ ಸಿಮೆಂಟಿನಂತೆ ಕೂತಿರುತ್ತದೆ. ಅದನ್ನು ದಬ್ಬಳದಿಂದ ಕೆದಕಿ ತೆಗೆಯದೆ ಅಲೆನ್ ಕೀ ಹಾಕಿದರೆ ಕೀ ಪೂರ್ತಿ ಇಳಿಯದೆ ಜಾರಿ ಮೂಲೆ ಸವೆಯುತ್ತದೆ. ಆಮೇಲೆ ಆ ಬೋಲ್ಟು ಕೊರೆದೇ ತೆಗೆಯಬೇಕು. ತುಕ್ಕು ಹಿಡಿದದ್ದಕ್ಕೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು, ಸುತ್ತ ಹರಿದದ್ದನ್ನು ಒರೆಸಿ.

ಬೇಕಾದದ್ದು 3, 4, 5 ಮಿಮೀ ಅಲೆನ್ ಕೀಗಳು, 8 ಮತ್ತು 10ರ ಟಿ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್. ಇವುಗಳಿಗಿಂತ ಮುಖ್ಯವಾದದ್ದು ಎರಡು ಹಾಳೆ ತಟ್ಟೆ. ತಟ್ಟೆಯ ಮೇಲೆ ಸ್ಕೆಚ್ ಪೆನ್ನಿನಿಂದ ಪ್ಯಾನಲಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲಿ ತೂತು ಮಾಡಿ ಸಿಕ್ಕಿಸಿ. ಎಡಕ್ಕೊಂದು, ಬಲಕ್ಕೊಂದು. ವಾಷರ್, ಬುಷ್ (ಬೋಲ್ಟಿನ ಸುತ್ತ ಕೂರುವ ಲೋಹದ ಸಣ್ಣ ಕೊಳವೆ) ಏನು ಬಂದರೂ ಅದೇ ಬೋಲ್ಟಿಗೆ ಪೋಣಿಸಿಡಿ. ಬೋಲ್ಟೆಲ್ಲ ಒಂದೇ ಡಬ್ಬಿಗೆ ಸುರಿದುಕೊಳ್ಳುವ ಮೆಕ್ಯಾನಿಕ್ ಕೈಗೆ ನಾನು ಇನ್ನು ಗಾಡಿ ಕೊಡುವುದಿಲ್ಲ, ಕಾರಣ ಮುಂದಿದೆ.

ಎಂಜಿನ್ ಆರಿರಬೇಕು. ಸೀಟು ತೆಗೆದು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸಾಮಾನ್ಯವಾಗಿ ಸೀಟು, ಟ್ಯಾಂಕ್ ಪಕ್ಕದ ಸಣ್ಣ ಕವರುಗಳು, ಹೊಟ್ಟೆಯಡಿಯ ಪ್ಯಾನಲ್, ಆಮೇಲೆ ಎರಡು ಬದಿಯವು, ಕೊನೆಗೆ ಹೆಡ್‌ಲೈಟ್ ಸುತ್ತಿನ ಡೂಮ್, ಈ ಕ್ರಮದಲ್ಲಿ ಬರುತ್ತವೆ. ಬದಿಯ ದೊಡ್ಡ ಪ್ಯಾನಲಿನ ಕೊನೆಯ ಬೋಲ್ಟ್ ತೆಗೆಯುವಾಗ ಇನ್ನೊಬ್ಬರು ಹಿಡಿದುಕೊಂಡಿರಲಿ. ಇಂಡಿಕೇಟರಿನ ವೈರು ಒಳಗೆ ಇನ್ನೂ ಸೇರಿಕೊಂಡೇ ಇರುತ್ತದೆ. ವೈರ್ ಎಳೆಯಬೇಡಿ, ಕನೆಕ್ಟರಿನ ಕಿವಿ ಒತ್ತಿ ಬಿಡಿಸಿ.

ಪ್ಲಾಸ್ಟಿಕ್ ಲಾಕ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ನಡುವಿನ ಪಿನ್ನನ್ನು ಪೆನ್ನಿನ ತುದಿಯಿಂದ ಒಂದೆರಡು ಮಿಮೀ ಒಳಗೆ ಒತ್ತಿದರೆ ಬಿಡುತ್ತದೆ. ಇನ್ನೊಂದರಲ್ಲಿ ನಡುವಿನ ಪಿನ್ನನ್ನು ಮೇಲಕ್ಕೆ ಎಬ್ಬಬೇಕು. ಯಾವುದೆಂದು ತಿಳಿಯದೆ ಕತ್ತಿ ಹಾಕಿ ಎಬ್ಬಿದರೆ ಎರಡೂ ಹಾಳು. ಒತ್ತುವ ಜಾತಿಯದನ್ನು ಮತ್ತೆ ಹಾಕುವಾಗ ಪಿನ್ನನ್ನು ಹಿಂದಿನಿಂದ ತಳ್ಳಿ ಮೇಲೆ ಚಾಚಿಕೊಳ್ಳುವಂತೆ ಮಾಡಿ, ತೂತಿಗೆ ಇಳಿಸಿ, ಆಮೇಲೆ ಸಮ ಆಗುವವರೆಗೆ ಒತ್ತಿ.

ಬೋಲ್ಟೆಲ್ಲ ತೆಗೆದರೂ ಪ್ಯಾನಲ್ ಬರುತ್ತಿಲ್ಲವೇ? ಬಲ ಹಾಕಬೇಡಿ. ಎಲ್ಲೋ ಒಂದು ಸ್ಕ್ರೂ ಉಳಿದಿದೆ, ಇಲ್ಲವೇ ಕೊಕ್ಕೆ ಜಾರಬೇಕಾದ ದಿಕ್ಕು ಬೇರೆ. ರಬ್ಬರಿಗೆ ಚುಚ್ಚಿಕೊಂಡ ಗೂಟ ನೇರ ಹೊರಗೆ ಬರುತ್ತದೆ. ಚಪ್ಪಟೆ ಕೊಕ್ಕೆ ಹಿಂದಕ್ಕೋ ಮುಂದಕ್ಕೋ ಸರಿದು ಬರುತ್ತದೆ. ಟಾರ್ಚ್ ಬಿಟ್ಟು ಸಂದಿಯಲ್ಲಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ನನ್ನ ಎಡ ಪ್ಯಾನಲ್ ಹೊರಬಂದಾಗ ಒಳಗಿದ್ದದ್ದು ಒಂದು ಹಿಡಿ ಒಣ ಅಡಿಕೆ ಸಿಪ್ಪೆ, ಇಲಿಯದೋ ಅಳಿಲಿನದೋ ಸಂಸಾರದ ಶುರು, ಮತ್ತು ವೈರಿಂಗ್ ಕ್ಲಿಪ್ಪಿನ ಪಕ್ಕ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ಅಂಗಳದ ಮೂಲೆಯಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಗಳಲ್ಲಿ ಇದು ಸಾಮಾನ್ಯ. ಗೂಡು ಒಡೆದು ಮಣ್ಣು ಉದುರಿ ಗಲಗಲ ಅನ್ನುವುದೂ ಒಂದು ಸದ್ದೇ, ಆದರೆ ನಾನು ಹುಡುಕುತ್ತಿದ್ದದ್ದು ಅದಲ್ಲ.

ಬುಷ್ ಎಲ್ಲಿ?

ಕೆಳಬೋಲ್ಟಿನ ಜಾಗ ನೋಡಿದೆ. ಬಲಗಡೆಯ ಬೋಲ್ಟಿಗೆ ವಾಷರ್, ರಬ್ಬರ್, ರಬ್ಬರಿನ ನಡುವೆ ಸಣ್ಣ ಅಲ್ಯೂಮಿನಿಯಂ ಬುಷ್. ಎಡಗಡೆ ವಾಷರ್ ಇದೆ, ರಬ್ಬರ್ ಇದೆ, ಬುಷ್ ಇಲ್ಲ. ಸರ್ವಿಸ್‌ನಲ್ಲಿ ಬಿಚ್ಚಿದಾಗ ಎಲ್ಲೋ ಉರುಳಿ ಹೋಗಿರಬೇಕು. ಕೆಳಗೆ ಬಿದ್ದದ್ದನ್ನು ಅಯಸ್ಕಾಂತ ಸವರಿ ಹುಡುಕಿದರೂ ಅಲ್ಯೂಮಿನಿಯಂ ಅಂಟುವುದಿಲ್ಲ.

ಹುರಿಗಡಲೆಯಷ್ಟಿರುವ ಈ ಬುಷ್ ಮಾಡುವ ಕೆಲಸ ದೊಡ್ಡದು. ಪ್ಯಾನಲಿನ ತೂತಿಗೆ ರಬ್ಬರ್ ಕೂತಿರುತ್ತದೆ, ರಬ್ಬರಿನೊಳಗೆ ಬುಷ್, ಬುಷ್ಷಿನೊಳಗೆ ಬೋಲ್ಟ್. ಬುಷ್ಷಿನ ಉದ್ದ ರಬ್ಬರಿನ ದಪ್ಪಕ್ಕಿಂತ ಒಂದು ಎಳೆ ಕಡಿಮೆ. ಬೋಲ್ಟ್ ಬಿಗಿದಾಗ ವಾಷರು ರಬ್ಬರನ್ನು ತುಸು ಅದುಮಿ ಬುಷ್ಷಿಗೆ ತಾಗಿ ನಿಂತುಬಿಡುತ್ತದೆ. ಬಿಗಿತವೆಲ್ಲ ಲೋಹದಿಂದ ಲೋಹಕ್ಕೆ, ಪ್ಯಾನಲ್ ಮಾತ್ರ ರಬ್ಬರಿನಲ್ಲಿ ತೇಲುತ್ತಿರುತ್ತದೆ. ಎಂಜಿನ್ ನಡುಕವನ್ನು ರಬ್ಬರ್ ನುಂಗುತ್ತದೆ.

ಬುಷ್ ಇಲ್ಲದಿದ್ದರೆ ಬೋಲ್ಟಿಗೆ ನಿಲ್ಲುವ ಜಾಗವೇ ಇಲ್ಲ. ಸ್ವಲ್ಪ ಬಿಗಿದರೆ ಅಲುಗಾಡಿ ಜಿರ್ರ್ ಅನ್ನುತ್ತದೆ. ಪೂರ್ತಿ ಬಿಗಿದರೆ ರಬ್ಬರ್ ಚಪ್ಪಟೆಯಾಗಿ ನಡುಕವೆಲ್ಲ ತೂತಿನ ಅಂಚಿಗೆ ಬಡಿಯುತ್ತದೆ, ಅಲ್ಲಿಂದ ಸೀಳು ಹೊರಡುತ್ತದೆ. ನಾನು ಬಿಗಿದ ಮೇಲೆ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಸೀಳಿದ್ದರ ಗುಟ್ಟು ಇಷ್ಟೇ. ಕೆಲವು ಬೈಕುಗಳಲ್ಲಿ ಬೇರೆ ಬುಷ್ ಇರುವುದಿಲ್ಲ. ಬೋಲ್ಟಿಗೇ ತಲೆಯ ಕೆಳಗೆ ದಪ್ಪನೆಯ ಹೆಗಲು ಇರುತ್ತದೆ, ಕೆಲಸ ಅದೇ. ಅಂಥ ಬೋಲ್ಟ್ ಕಳೆದರೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಹಾಕಿದವರು ನನ್ನ ಕಥೆಯನ್ನೇ ಮೊದಲಿಂದ ಶುರು ಮಾಡಿದಂತೆ.

ಸ್ಪೇರ್ ಅಂಗಡಿಯಲ್ಲಿ ಬುಷ್ ಬಿಡಿಯಾಗಿ ಸಿಗಲಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಲೇತ್‌ಗೆ ಬಲಗಡೆಯ ಬುಷ್ ಮಾದರಿಗೆ ಕೊಟ್ಟೆ. ಲೇತ್ ಯಜಮಾನರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇಷ್ಟಕ್ಕೆ ಅಳತೆ ಎಂಥಕ್ಕೆ ಮಾರಾಯ್ರೆ, ಕಣ್ಣಳತೆಯಲ್ಲೇ ಆಗ್ತದೆ" ಅಂದರು. ಕಣ್ಣಳತೆಯದು 6 ಮಿಮೀ ಬಂತು. ಹಾಕಿ ಬಿಗಿದರೆ ರಬ್ಬರ್ ಬದಿಗೆ ಉಬ್ಬಿ ನಿಂತಿತು, ಪ್ಯಾನಲ್ ಅಲುಗಲೇ ಇಲ್ಲ. ವರ್ನಿಯರ್ ಹಿಡಿದು ನೋಡಿದರೆ ಮೂಲದ್ದು 7. ಎರಡನೇ ಸಲ ಅಳತೆ ಬರೆದುಕೊಟ್ಟು ನಾಲ್ಕು ಮಾಡಿಸಿದೆ. ಒಂದು ಮಿಲಿಮೀಟರ್ ಅಷ್ಟೇ ವ್ಯತ್ಯಾಸ, ಸದ್ದು ಆವತ್ತೇ ಹೋಯಿತು. ಸರಿ ಕೂತದ್ದರ ಗುರುತು ಹೀಗಿದೆ: ಬೋಲ್ಟ್ ಬಿಗಿಯಾಗಿದ್ದರೂ ಪ್ಯಾನಲನ್ನು ಬೆರಳಲ್ಲಿ ಒತ್ತಿದರೆ ರಬ್ಬರಿನ ಮೇಲೆ ಕೂದಲೆಳೆಯಷ್ಟು ಕದಲಬೇಕು.

ಇನ್ನೊಂದು ದೋಷವೂ ಅದೇ ದಿನ ಸಿಕ್ಕಿತು, ಒಂದೇ ಡಬ್ಬಿಗೆ ಬೋಲ್ಟ್ ಸುರಿದ ಫಲ. ಮೇಲಿನ ಬೋಲ್ಟ್ ಮುಟ್ಟಿದರೆ ಬಿಗಿಯೇ ಇತ್ತು, ಆದರೆ ಅದರ ವಾಷರ್ ಉಗುರಿನಿಂದ ತಳ್ಳಿದರೆ ಗಿರ್ರನೆ ತಿರುಗುತ್ತಿತ್ತು. 16 ಮಿಮೀ ಬೋಲ್ಟಿನ ಜಾಗಕ್ಕೆ 20ರದು ಹೋಗಿತ್ತು. ತುದಿ ತಳಕ್ಕೆ ಮುಟ್ಟಿ ನಿಂತಿತ್ತು, ತಲೆ ಪ್ಯಾನಲಿಗೆ ಮುಟ್ಟಿರಲಿಲ್ಲ. ಬೋಲ್ಟ್ ಬಿಗಿ ಇದೆಯೇ ಅನ್ನುವುದಕ್ಕಿಂತ ವಾಷರ್ ತಿರುಗುತ್ತದೆಯೇ ನೋಡಿ. ಉದ್ದದ ಬೋಲ್ಟ್ ತಪ್ಪಿ ರೇಡಿಯೇಟರ್ ಅಥವಾ ವೈರಿಂಗ್ ಇರುವ ಕಡೆ ಹೋದರೆ ಸದ್ದಿಗಿಂತ ದೊಡ್ಡ ತಾಪತ್ರಯ.

ಸೀಳಿಗೆ

ಪ್ಯಾನಲಿನ ಒಳಬದಿಯಲ್ಲಿ ಅಚ್ಚೊತ್ತಿದ ಅಕ್ಷರ ನೋಡಿ. ಎಬಿಎಸ್ (ಬ್ರೇಕಿನದಲ್ಲ, ಪ್ಲಾಸ್ಟಿಕ್ಕಿನ ಒಂದು ಜಾತಿ) ಎಂದಿದ್ದರೆ ಅಸಿಟೋನಿನಲ್ಲಿ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಕರಗಿಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಒಳಬದಿಯಿಂದ ಬಳಿಯಬಹುದು, ಅದು ಮೂಲ ಪ್ಲಾಸ್ಟಿಕ್ಕಿನೊಡನೆ ಒಂದಾಗುತ್ತದೆ. ಒಂದು ದಿನ ಪೂರ್ತಿ ಒಣಗಲಿ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಬಚ್ಚಲೊಲೆಯ ಪಕ್ಕ ಕೂತು ಮಾಡಬೇಡಿ. ಪಿಪಿ (ಇನ್ನೊಂದು ಜಾತಿ) ಎಂದಿದ್ದರೆ ಅಸಿಟೋನಿಗೆ ಅದು ಜಗ್ಗುವುದಿಲ್ಲ, ಅಂಗಡಿಯ ಸಾದಾ ಗಮ್ಮೂ ಹಿಡಿಯುವುದಿಲ್ಲ. ಸೋಲ್ಡರಿಂಗ್ ಐರನ್ನಿಂದ ಕರಗಿಸಿ ಬೆಸೆಯಬೇಕು. ಯಾವುದೇ ಇರಲಿ, ಮೊದಲು ಸೀಳಿನ ತುತ್ತತುದಿಗೆ 2 ಮಿಮೀ ತೂತು ಕೊರೆಯಿರಿ. ಚೂಪು ತುದಿಯಿಂದಲೇ ಸೀಳು ಮುಂದೆ ಓಡುವುದು, ದುಂಡನೆಯ ತೂತು ಅದನ್ನು ತಡೆಯುತ್ತದೆ.

ಬೋಲ್ಟ್ ಬಿಚ್ಚಿಕೊಳ್ಳದಿರಲಿ ಎಂದು ಥ್ರೆಡ್ ಲಾಕರ್, ಅಂದರೆ ಬೋಲ್ಟಿನ ಮರೆಗೆ ಹಾಕುವ ಅಂಟು, ಹಾಕುವವರಿದ್ದಾರೆ. ಎಂಜಿನ್ ಬೋಲ್ಟಿಗೆ ಸರಿ, ಇಲ್ಲಿ ಬೇಡ. ಆ ದ್ರವ ಎಬಿಎಸ್‌ಗೆ ತಾಗಿದರೆ ಬಿಗಿತವಿರುವ ಜಾಗದಲ್ಲೇ ಅದು ಬಿರುಕು ಬಿಡುತ್ತದೆ. ಹೊಳಪಿಗೆಂದು ಮಾಡಿಸುವ ಡೀಸೆಲ್ ವಾಶ್ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ರಬ್ಬರ್ ಡೀಸೆಲ್ ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಮುಂದಿನ ಸಲ ಬಿಚ್ಚುವಾಗ ಬೋಲ್ಟಿಗೆ ಅಂಟಿಕೊಂಡು ಹರಿದು ಬರುತ್ತದೆ.

ಮತ್ತೆ ಕೂರಿಸುವುದು

ಕೂರಿಸುವ ಮೊದಲು ಕನೆಕ್ಟರುಗಳನ್ನು ನೋಡಿ. ಆಗುಂಬೆ ಕಡೆ ಮಳೆಯಲ್ಲಿ ಓಡಿದ ಗಾಡಿಗಳಲ್ಲಿ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಕೆರೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಫೇರಿಂಗ್ ಹಾಕಿದ ಮೇಲೆ ಇಂಡಿಕೇಟರ್ ಸತ್ತಿದ್ದರೆ ಹತ್ತಕ್ಕೆ ಒಂಬತ್ತು ಸಲ ಕನೆಕ್ಟರ್ ಅರ್ಧ ಕೂತಿದೆ ಅಂತಲೇ ಅರ್ಥ, ಟಿಕ್ ಎನ್ನುವವರೆಗೆ ಒತ್ತಿ.

ಗೂಟ ಕೂರುವ ರಬ್ಬರುಗಳಿಗೆ ಸೋಪಿನ ನೀರು ಸವರಿದರೆ ಸಲೀಸಾಗಿ ಇಳಿಯುತ್ತದೆ. ಮೊದಲು ಕೊಕ್ಕೆ, ಗೂಟಗಳೆಲ್ಲ ಕೂರಲಿ. ಆಮೇಲೆ ಎಲ್ಲ ಬೋಲ್ಟುಗಳನ್ನೂ ಬೆರಳಲ್ಲೇ ನಾಲ್ಕು ಸುತ್ತು ಹಿಡಿಸಿ. ಯಾವೊಂದನ್ನೂ ಬಿಗಿಯಬೇಡಿ. ಕೊನೆಯ ಬೋಲ್ಟಿನ ತೂತು ಎರಡು ಮಿಮೀ ಆಚೆ ಈಚೆ ಆಗಿದ್ದರೆ ಬೋಲ್ಟಿನಿಂದ ಎಳೆದು ಸೇರಿಸಬೇಡಿ; ಎಲ್ಲವನ್ನೂ ಸಡಿಲಿಸಿ ಪ್ಯಾನಲನ್ನು ಅಲುಗಿಸಿದರೆ ತೂತು ತಾನಾಗಿ ಎದುರು ಬರುತ್ತದೆ. ಎಳೆದು ಕೂರಿಸಿದ ಪ್ಯಾನಲ್ ಬಿಲ್ಲಿನಂತೆ ಬಾಗಿರುತ್ತದೆ, ಹೊಸ ಸದ್ದು ಅಲ್ಲಿಂದಲೇ ಶುರು. ಕಡೆಗೆ ನಡುವಿನಿಂದ ಹೊರಗಿನ ಕಡೆಗೆ ಬಿಗಿಯುತ್ತ ಹೋಗಿ. ಅಲೆನ್ ಕೀಯ ಉದ್ದದ ತುದಿ ಬೋಲ್ಟಿಗೆ, ಗಿಡ್ಡ ತುದಿ ನಿಮ್ಮ ಬೆರಳಿಗೆ. ಹಾಗೆ ಹಿಡಿದರೆ ಅತಿಯಾಗಿ ಬಿಗಿಯಬೇಕೆಂದರೂ ಬಲ ಸಾಲದು.

ಬ್ಯಾಟರಿ ಜೋಡಿಸಿ, ಹೆಡ್‌ಲೈಟು, ಇಂಡಿಕೇಟರ್, ಹಾರ್ನ್ ನೋಡಿ. ಎಂಜಿನ್ ಐಡಲಿನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಆರ್‌ಪಿಎಂ ಏರಿದರೆ ಥ್ರಾಟಲ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ, ಗಾಡಿ ರಸ್ತೆಗಿಳಿಸಬೇಡಿ, ಮತ್ತೆ ಬಿಚ್ಚಿ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಗೊತ್ತಾಗುವುದಕ್ಕಿಂತ ಅಂಗಳದಲ್ಲೇ ಗೊತ್ತಾಗಲಿ.

ನಾನು ಟ್ರಯಲ್ ನೋಡಿದ್ದು ಮಂಡಗದ್ದೆಯವರೆಗೆ. ಹೋಗುವಾಗ ಪೂರ್ತಿ ಸುಮ್ಮನೆ. ಬರುವಾಗ ಸಕ್ರೆಬೈಲು ಹತ್ತಿರ ಮತ್ತೆ ಟಿಣ್ ಟಿಣ್ ಅಂದಿತು. ನಿಲ್ಲಿಸಿ ನೋಡಿದರೆ ಕೀ ಗೊಂಚಲು ನಾನೇ ವಾಪಸ್ ಹಾಕಿದ್ದೆ. ನೂರು ಕಿಲೋಮೀಟರ್ ಆದ ಮೇಲೆ ಕೆಳಬೋಲ್ಟುಗಳ ವಾಷರನ್ನು ಉಗುರಿನಿಂದ ಇನ್ನೊಮ್ಮೆ ತಳ್ಳಿ ನೋಡಿದೆ, ಯಾವುದೂ ತಿರುಗಲಿಲ್ಲ. ಮಾಡಿಸಿದ ನಾಲ್ಕು ಬುಷ್‌ನಲ್ಲಿ ಉಳಿದ ಮೂರು ಟೂಲ್ ಕಿಟ್ಟಿನಲ್ಲಿವೆ, ಬಟ್ಟೆಯಲ್ಲಿ ಸುತ್ತಿ, ಇಲ್ಲದಿದ್ದರೆ ಅವೂ ಸದ್ದು ಮಾಡುತ್ತವೆ.